ನಿಂತ ಗಾಡಿಯ ಲೆಕ್ಕ

ಪಿಕಪ್ ಕೊಳ್ಳಲು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ, ಯಾವ ಕಂಪನಿಯದು ಗಟ್ಟಿ ಎಂಬುದು. ಬಾಡಿಗೆ ಗಾಡಿಯ ಜಮಾಖರ್ಚನ್ನು ಬರೆಯುತ್ತ ಬರೆಯುತ್ತ ನನಗೆ ಮನವರಿಕೆಯಾದದ್ದು, ಈ ಪ್ರಶ್ನೆಯೇ ಅರ್ಧ ತಪ್ಪು ಎಂದು. ಗಾಡಿ ಕೆಡುವುದು ಬೇರೆ, ಕೆಟ್ಟು ನಿಲ್ಲುವುದು ಬೇರೆ. ಬೆಳಗಿನ ಜಾವ ಕ್ಲಚ್ ಕೇಬಲ್ ತುಂಡಾಗಿ, ಹತ್ತು ಗಂಟೆಯ ಹೊತ್ತಿಗೆ ಹೊಸದು ಹಾಕಿಸಿಕೊಂಡು ಮತ್ತೆ ಲೋಡಿಗೆ ಹೊರಟ ಗಾಡಿ ಒಂದು. ಅಂಗೈಯಲ್ಲಿ ಹಿಡಿಸುವ ಒಂದು ಸೆನ್ಸರ್ ಬರಲಿಲ್ಲವೆಂದು ಸರ್ವಿಸ್ ಸೆಂಟರಿನ ಹಿತ್ತಲಲ್ಲಿ ಹತ್ತು ದಿನ ಬಿಸಿಲು ಕಾಯ್ದ ಗಾಡಿ ಇನ್ನೊಂದು. ದೋಷಗಳನ್ನು ಎಣಿಸುವ ಪಟ್ಟಿಯಲ್ಲಿ ಎರಡಕ್ಕೂ ಒಂದೊಂದೇ ಗೆರೆ. ಕಂತು ಕಟ್ಟುವವನ ಮನೆಯಲ್ಲಿ ಹಾಗಲ್ಲ. ಅಮೆರಿಕದಲ್ಲಿ ಜೆ.ಡಿ. ಪವರ್ ಎಂಬ ಸಂಸ್ಥೆ ನೂರು ವಾಹನಗಳಿಗೆ ಎಷ್ಟು ತೊಂದರೆ ಎಂದು ಎಣಿಸಿ ಕಂಪನಿಗಳಿಗೆ ಸ್ಥಾನ ಕೊಡುತ್ತದೆ. ಅಲ್ಲಿ ಫೋನು ಬ್ಲೂಟೂತಿಗೆ ಕೂಡದಿದ್ದರೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋದರೂ ಒಂದು ತೊಂದರೆ. ಸ್ವಂತ ಕಾರಿಗೆ ಅದು ಸರಿಯಿರಬಹುದು. ದುಡಿಯುವ ಗಾಡಿಯ ಗಟ್ಟಿತನವನ್ನು ಅಳೆಯಬೇಕಾದದ್ದು ನಿಂತ ದಿನಗಳಿಂದ. ಹಾಗೆ ಅಳೆಯಲು ಕೂತರೆ ಗಟ್ಟಿತನದ ದೊಡ್ಡ ಪಾಲು ಕಾರ್ಖಾನೆಯ ಗೇಟಿನಾಚೆಗೆ, ಗಾಡಿ ಓಡುವ ನಲವತ್ತು-ಐವತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ತಯಾರಾಗುತ್ತದೆ ಎಂಬುದು ಕಾಣುತ್ತದೆ.

ಅಂಕಿ ಹಾಕಿಯೇ ನೋಡೋಣ. ಇವು ಉದಾಹರಣೆಗೆ ಹಿಡಿದವು. ಅವರವರ ಊರಿನ ದರ ಹಾಕಿ ತಿದ್ದಿಕೊಳ್ಳಬಹುದು. ಎಂಟು ಲಕ್ಷ ಸಾಲ, ನೂರಕ್ಕೆ ಹತ್ತರಂತೆ ವಾರ್ಷಿಕ ಬಡ್ಡಿ, ಐದು ವರ್ಷದ ಅವಧಿ ಎಂದರೆ ತಿಂಗಳ ಕಂತು ಹತ್ತಿರ ಹತ್ತಿರ 17,000 ರೂಪಾಯಿ. ತಿಂಗಳಿಗೆ 25 ದಿನ ಬಾಡಿಗೆ ಸಿಕ್ಕಿತೆಂದರೆ, ದಿನಕ್ಕೆ 680 ರೂಪಾಯಿ ಫೈನಾನ್ಸಿನವರ ಪಾಲು. ಡೀಸೆಲ್, ಬತ್ತೆ ಕಳೆದು ದಿನಕ್ಕೆ 1,300 ರೂಪಾಯಿ ಕೈಗೆ ಬರುತ್ತದೆ, ಕಂತೂ ಅದರಲ್ಲೇ ಹೋಗಬೇಕು ಎಂದಿಟ್ಟುಕೊಳ್ಳಿ. ಈಗ 60,000 ರೂಪಾಯಿ ದುಬಾರಿಯಾದ ಗಾಡಿ ಕೊಂಡರೆ ಕಂತು ಏರುವುದು 1,275 ರೂಪಾಯಿ. ಲೀಟರಿಗೆ 13ರ ಬದಲು 14 ಕಿಲೋಮೀಟರ್ ಕೊಡುವ ಗಾಡಿಯಿಂದ, ತಿಂಗಳಿಗೆ 2,500 ಕಿಲೋಮೀಟರ್ ಓಡಿದರೆ, ಉಳಿಯುವುದು 14 ಲೀಟರಿಗೆ ತುಸು ಕಡಿಮೆ; ಡೀಸೆಲಿಗೆ 90 ರೂಪಾಯಿ ಹಿಡಿದರೆ ಸುಮಾರು 1,240. ಅಂದರೆ ಬೆಲೆಯಲ್ಲಿ ಅರವತ್ತು ಸಾವಿರ, ಮೈಲೇಜಿನಲ್ಲಿ ಒಂದು ಕಿಲೋಮೀಟರ್, ಆ 1,300 ರೂಪಾಯಿ ಕಳೆಯುವ ತಿಂಗಳಿಗೊಂದು ನಿಂತ ದಿನ ಈ ಮೂರೂ ತಕ್ಕಡಿಯಲ್ಲಿ ಹೆಚ್ಚುಕಡಿಮೆ ಸಮ ತೂಗುತ್ತವೆ. ಮೊದಲ ಎರಡಕ್ಕಾಗಿ ನಾವು ತಿಂಗಳುಗಟ್ಟಲೆ ಶೋರೂಮು ಸುತ್ತುತ್ತೇವೆ, ಚೌಕಾಸಿ ಮಾಡುತ್ತೇವೆ. ಮೂರನೆಯದನ್ನು ಕೇಳುವವರೇ ಕಡಿಮೆ. ಮೂರನೆಯದು ಈ ಲೆಕ್ಕದಲ್ಲಿ ಕಾಣುವುದಕ್ಕಿಂತ ಭಾರವೂ ಹೌದು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಯಾರ ಗಾಡಿಗೂ ಕಾಯುವುದಿಲ್ಲ. ಒಮ್ಮೆ ಕೈಕೊಟ್ಟ ಗಾಡಿಯವನನ್ನು ಬಿಟ್ಟು ಬೇರೆಯವನನ್ನು ಹಿಡಿದ ರೈತ ಮರುದಿನವೂ ಅವನನ್ನೇ ಕರೆಯುತ್ತಾನೆ. ವಾರಂಟಿ ಇದೆಯಲ್ಲ ಎನ್ನುವವರು ಒಂದು ಮಾತು ಗಮನಿಸಬೇಕು: ವಾರಂಟಿ ಬಿಡಿಭಾಗದ ದುಡ್ಡು ಕೊಡುತ್ತದೆ, ಹೋದ ದಿನದ ದುಡ್ಡು ಕೊಡುವುದಿಲ್ಲ.

ಯಂತ್ರ ಚೆನ್ನಾಗಿದ್ದೂ ಸುತ್ತಳತೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಪ್ರಯೋಗ ನಡೆದುಹೋಗಿದೆ. 1980ರ ದಶಕದ ನಡುವಿನಲ್ಲಿ ನಾಲ್ಕು ಜಪಾನೀ ಕಂಪನಿಗಳು ಇಲ್ಲಿಯವರ ಜೊತೆ ಸೇರಿ ಹಗುರ ಲಾರಿಗಳನ್ನು ತಂದವು: ಡಿಸಿಎಂ ಟೊಯೋಟಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ, ಸ್ವರಾಜ್ ಮಜ್ದಾ. ಓಟದ ನಯದಲ್ಲಾಗಲಿ ಇಂಧನದ ಮಿತವ್ಯಯದಲ್ಲಾಗಲಿ ಇವು ಹಿಂದೆ ಬಿದ್ದವುಗಳಲ್ಲ. ಆದರೆ 1985ರ ಪ್ಲಾಜಾ ಒಪ್ಪಂದದ ನಂತರ ಡಾಲರಿನ ಎದುರು ಯೆನ್ ಏರುತ್ತಲೇ ಹೋಯಿತು, ಜಪಾನಿನಿಂದ ಬರಬೇಕಾದ ಭಾಗಗಳು ದುಬಾರಿಯಾದವು. 1986ರಲ್ಲಿ ಟಾಟಾದವರು 407 ಬಿಟ್ಟರು. ಪಿಕಪ್‌ಗಿಂತ ಒಂದು ಕೈ ದೊಡ್ಡ ಗಾಡಿ. ಆದರೆ ಅದರ ಹಿಂದೆ ಹೆದ್ದಾರಿಯುದ್ದಕ್ಕೂ ಟಾಟಾ ಲಾರಿ ಬಿಚ್ಚಿ ಕೂಡಿಸಿ ಪಳಗಿದ ಕೈಗಳಿದ್ದವು. ಮುಂದಿನ ಕಥೆ ಗೊತ್ತಿರುವುದೇ. ಆಲ್ವಿನ್ ನಿಸ್ಸಾನ್ 1989ರಲ್ಲಿ ಮಹೀಂದ್ರದ ತೆಕ್ಕೆಗೆ ಬಂತು, ಡಿಸಿಎಂ ಟೊಯೋಟಾ ತೊಂಬತ್ತರ ದಶಕದಲ್ಲಿ ಡೇವೂ ಕೈಸೇರಿ ಕಾರು ಮಾಡಲು ಹೊರಟಿತು. 407 ಎಂಬ ಸಂಖ್ಯೆ ಹಳ್ಳಿಗಳಲ್ಲಿ ಒಂದು ಜಾತಿಯ ಗಾಡಿಯ ಹೆಸರೇ ಆಗಿಹೋಯಿತು. ಐಷರ್ ಉಳಿದು ಬೆಳೆಯಿತು, ಸ್ವರಾಜ್ ಮಜ್ದಾ ಕೂಡ ಬಹುಕಾಲ ನಡೆಯಿತು, ಆದ್ದರಿಂದ ಜಪಾನಿನ ತಂತ್ರ ಇಲ್ಲಿಗೆ ಒಗ್ಗಲಿಲ್ಲ ಎಂದು ಹೇಳಲಾಗದು. ಟೊಯೋಟಾದಂಥ ಹೆಸರೂ ಗಾಡಿಯ ಜೊತೆ ಕೊನೆಯತನಕ ನಿಲ್ಲುತ್ತದೆಂಬ ಖಾತ್ರಿ ಇಲ್ಲ ಎಂದಷ್ಟೇ ಇದರಿಂದ ಹೇಳಬಹುದು.

ಹೆಸರು ನಂಬಿ ಕೊಂಡರೂ ಖಾತ್ರಿ ಇಲ್ಲವೆಂದಾಗ ಹಳಹಳಿಕೆಯ ಮಾತು ಬರುತ್ತದೆ. ಗಾಡಿ ಕೊಳ್ಳುವವನು ನಷ್ಟಕ್ಕೆ ಹೆದರುವಷ್ಟೇ, 'ಅಯ್ಯೋ, ಅದನ್ನು ತಗೊಳ್ಳಬಹುದಿತ್ತು' ಎಂದು ಆಮೇಲೆ ಕೈ ಹಿಸುಕಿಕೊಳ್ಳುವುದಕ್ಕೂ ಹೆದರುತ್ತಾನೆ. ಮನಶ್ಶಾಸ್ತ್ರಜ್ಞರಾದ ಡ್ಯಾನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್ಸ್ಕಿ 1982ರಲ್ಲಿ ಬರೆದ ಒಂದು ಲೇಖನದಲ್ಲಿ ಇಬ್ಬರು ಷೇರುದಾರರ ಒಗಟಿದೆ: ಇಬ್ಬರಿಗೂ ಆದ ನಷ್ಟ ಒಂದೇ, ಒಬ್ಬ ಇದ್ದ ಷೇರನ್ನೇ ಇಟ್ಟುಕೊಂಡವನು, ಇನ್ನೊಬ್ಬ ಕೈಯಲ್ಲಿದ್ದ ಒಳ್ಳೆಯದನ್ನು ಕೊಟ್ಟು ಇದಕ್ಕೆ ಬದಲಾಯಿಸಿಕೊಂಡವನು. ಯಾರಿಗೆ ಹೆಚ್ಚು ಕೊರಗು ಎಂದರೆ ಬಹುಪಾಲು ಜನ ಬದಲಾಯಿಸಿದವನತ್ತ ಕೈ ತೋರಿಸಿದರು. ಪಿಕಪ್ ಕೊಳ್ಳುವಾಗಲೂ ಇದೇ ನಡೆಯುತ್ತದೆ. ಊರವರೆಲ್ಲ ಇಟ್ಟಿರುವ ಗಾಡಿ ಕೆಟ್ಟರೆ ಹಣೆಬರಹ. ಯಾರೂ ಇಡದ ಗಾಡಿ ಕೆಟ್ಟರೆ 'ಹೇಳಿದರೆ ಕೇಳಲಿಲ್ಲ'. ಹೀಗಾಗಿ ಜನ ಕುರಿಮಂದೆಯಂತೆ ಒಂದೇ ಗಾಡಿಗೆ ಮುಗಿಬೀಳುತ್ತಾರೆ ಎಂದು ಓದಿಕೊಂಡವರು ನಗುತ್ತಾರೆ. ನಾನೂ ಬಹುಕಾಲ ಹಾಗೇ ಎಣಿಸಿದ್ದೆ, ಈಗ ಎಣಿಸುವುದಿಲ್ಲ. ಒಂದು ತಾಲ್ಲೂಕಿನಲ್ಲಿ ಒಂದೇ ಬಗೆಯ ಇನ್ನೂರು ಪಿಕಪ್ ಓಡಿದರೆ ಅದರ ಬ್ರೇಕ್ ಲೈನರು ಹಳ್ಳಿಯ ಅಂಗಡಿಗೂ ಬರುತ್ತದೆ, ಮೆಕ್ಯಾನಿಕ್ಕಿನ ಹುಡುಗನಿಗೂ ಕೆಲಸ ಕರಗತವಾಗುತ್ತದೆ, ಗುಜರಿಯಲ್ಲಿ ಹಳೆಯ ಡೋರು ಸಿಗುತ್ತದೆ, ಮಾರಹೊರಟರೆ ಗಿರಾಕಿ ಮನೆಬಾಗಿಲಿಗೆ ಬರುತ್ತಾನೆ. ಷೇರು ಪೇಟೆಯಲ್ಲಿ ಮಂದೆಯ ಹಿಂದೆ ಹೋದರೆ ಷೇರಿನ ಗುಣವೇನೂ ಉತ್ತಮವಾಗುವುದಿಲ್ಲ. ಗಾಡಿಯ ವಿಷಯದಲ್ಲಿ ಮಂದೆಯೇ ಗಾಡಿಯ ಗುಣವನ್ನು ಹೆಚ್ಚಿಸುತ್ತದೆ. ಬೊಲೆರೊ ಪಿಕಪ್ಪಿನ ಹೆಸರು ಹಳ್ಳಿಗಾಡಿನಲ್ಲಿ ಹೀಗೆ ಬೇರುಬಿಟ್ಟದ್ದರಲ್ಲಿ ಎಂಜಿನ್ನಿನ ಪಾಲೆಷ್ಟು, ನೆರೆಹೊರೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಬೇರ್ಪಡಿಸಬೇಕಾಗಿಯೂ ಇಲ್ಲ, ಕೊಳ್ಳುವವನಿಗೆ ಬೇಕಾದದ್ದು ಎರಡರ ಮೊತ್ತ.

ಹಾಗೆಂದು ನೆರೆಯವನ ಮಾತನ್ನೆಲ್ಲ ಸಾಕ್ಷಿ ಎಂದುಕೊಳ್ಳಬಾರದು. ತಾನು ಕೊಂಡ ಗಾಡಿಯನ್ನು ಯಾರೂ ಹಳಿಯುವುದಿಲ್ಲ: ಹಳಿದರೆ ತನ್ನ ಆಯ್ಕೆಯನ್ನೇ ಹಳಿದಂತೆ, ನಾಳೆ ಮಾರುವಾಗ ಬೆಲೆಯನ್ನೂ ತಾನೇ ಇಳಿಸಿಕೊಂಡಂತೆ. ಅದಕ್ಕಿಂತ ನಂಬಬಹುದಾದ ಸಾಕ್ಷಿ ಸ್ಪೇರ್ ಪಾರ್ಟಿನ ಅಂಗಡಿಯ ಕಪಾಟು. ಆದರೆ ಅದು ಒಟ್ಟಿಗೇ ಎರಡು ಮಾತು ಹೇಳುತ್ತದೆ. ಒಂದು ಗಾಡಿಯ ವಾಟರ್ ಪಂಪು ಹತ್ತಾರು ಪೇರಿಸಿಟ್ಟಿದ್ದರೆ ಆ ಪಂಪು ಬೇಗ ಹೋಗುತ್ತದೆ ಎಂದೂ ಅರ್ಥ, ಹೋದ ದಿನವೇ ಸಿಗುತ್ತದೆ ಎಂದೂ ಅರ್ಥ. ದೋಷ ಎಣಿಸುವವನಿಗೆ ಇದು ಕೆಟ್ಟ ಸುದ್ದಿ, ನಿಂತ ದಿನ ಎಣಿಸುವವನಿಗೆ ಅಷ್ಟು ಕೆಟ್ಟದ್ದಲ್ಲ. ತಿಂಗಳಿಗೊಮ್ಮೆ ಪಂಪು ಬದಲಿಸುವ ಗಾಡಿಯನ್ನು ನಾನೇನೂ ಹೊಗಳುತ್ತಿಲ್ಲ; ಕೈಗೆ ಸಿಗುವ ಬಿಡಿಭಾಗವೂ ಮೊತ್ತಕ್ಕೆ ಸೇರಬೇಕು ಎನ್ನುತ್ತಿದ್ದೇನೆ.

ಇದಕ್ಕೆ ಬರುವ ಆಕ್ಷೇಪ ಒಂದಿದೆ, ಬಲವಾದದ್ದೇ: ನಿಜವಾಗಿ ಕೆಡದ ಗಾಡಿಯೇ ಇದ್ದರೆ ಸುತ್ತಳತೆಯ ಹಂಗೇಕೆ? ಜಗತ್ತಿನಲ್ಲಿ ಅಂಥ ಹೆಸರು ಪಡೆದ ಪಿಕಪ್ ಟೊಯೋಟಾ ಹೈಲಕ್ಸ್. ಬ್ರಿಟನ್ನಿನ ಟಾಪ್ ಗೇರ್ ಕಾರ್ಯಕ್ರಮದವರು 2003ರಲ್ಲಿ ಒಂದು ಹಳೆಯ ಹೈಲಕ್ಸನ್ನು ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೆಡವುತ್ತಿದ್ದ ಕಟ್ಟಡದ ಮೇಲಿಟ್ಟು ಬೀಳಿಸಿ, ಮತ್ತೆ ಓಡಿಸಿದ್ದು ಪ್ರಸಿದ್ಧ. (ಅಲ್ಲೂ ಮೆಕ್ಯಾನಿಕ್ ಒಬ್ಬನಿದ್ದ ಎಂಬುದನ್ನು ಯಾರೂ ನೆನೆಯುವುದಿಲ್ಲ.) ಆ ಹೈಲಕ್ಸ್ 2022ರಿಂದ ಇಲ್ಲೂ ಸಿಗುತ್ತದೆ, ನಮ್ಮ ಬಿಡದಿಯಲ್ಲೇ ಜೋಡಣೆಯಾಗುತ್ತದೆ, ಆದರೆ ಅದರ ಬೆಲೆಗೆ ಮೂರು ಬಾಡಿಗೆ ಪಿಕಪ್ ಬರುತ್ತವೆ. ಬೆಲೆಯ ಮಾತು ಬಿಟ್ಟರೂ ಅದೇ ಕಂಪನಿಯ ಇನ್ನೊಂದು ಅಧ್ಯಾಯ ಓದಬೇಕು. ಅಮೆರಿಕದಲ್ಲಿ ಟಕೋಮಾ, ಟಂಡ್ರಾ ಪಿಕಪ್‌ಗಳ ಚಾಸಿ ತುಕ್ಕು ಹಿಡಿದು ತೂತಾದ ದಾವೆಯನ್ನು ಟೊಯೋಟಾ 2016ರಲ್ಲಿ ರಾಜಿಗೆ ತಂದಿತು. ಸುಮಾರು 15 ಲಕ್ಷ ವಾಹನಗಳ ವಿಷಯ, ಅಂದಾಜು ವೆಚ್ಚ 340 ಕೋಟಿ ಡಾಲರಿನವರೆಗೆ. ಚಳಿನಾಡುಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ತುಕ್ಕಿನಿಂದ ಸರಿಯಾಗಿ ಕಾಪಾಡದ ಚಾಸಿಗೆ ಆ ಉಪ್ಪೇ ಕಾಲನಾಯಿತು. ನಮ್ಮಲ್ಲಿ ಹಿಮದ ಉಪ್ಪಿಲ್ಲ, ಆದರೆ ಮಲ್ಪೆಯಿಂದ ಮಂಗಳೂರಿನಿಂದ ಮೀನು ಹೊತ್ತು ಘಾಟಿ ಹತ್ತುವ ಪಿಕಪ್ಪುಗಳಿವೆ. ಐಸು ಕರಗಿ, ಮೀನಿನ ಉಪ್ಪುನೀರು ಹಲಗೆಯ ಸಂದಿನಿಂದ ಚಾಸಿಯ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಚಿತ್ರದುರ್ಗದ ಒಣಹವೆಯಲ್ಲಿ ಈರುಳ್ಳಿ ಹೊರುವ ಅದೇ ಗಾಡಿಯ ಆಯುಸ್ಸನ್ನು ನೋಡಿ ಕರಾವಳಿಯವನು ತೀರ್ಮಾನಿಸಿದರೆ ಐದನೆಯ ಮಳೆಗಾಲಕ್ಕೆ ವೆಲ್ಡಿಂಗ್ ಶಾಪಿನ ಬಾಗಿಲು ಕಾಯಬೇಕಾದೀತು.

ಲೋಡಿನ ವಿಷಯವೂ ಇಂಥದ್ದೇ. ಕಂಪನಿಯನ್ನು ಬೈಯುವ ಎಷ್ಟೋ ಹಳಹಳಿಕೆಗಳ ಬುಡ ಕೆದಕಿದರೆ ಅಲ್ಲಿ ಸಿಗುವುದು ಹೊಂದದ ಲೋಡು. ಬಾಲ್ ಬೇರಿಂಗಿನ ಆಯುಸ್ಸು ಭಾರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಸೂತ್ರ. ಭಾರ ಕಾಲುಪಾಲು ಏರಿದರೆ ಆಯುಸ್ಸು ಕಾಲುಪಾಲು ಇಳಿಯುತ್ತದೆಂದು ನಾವು ಎಣಿಸುತ್ತೇವೆ. ಸೂತ್ರದ ಪ್ರಕಾರ ಅದು ಅರ್ಧಕ್ಕೇ ಬಂದು ನಿಲ್ಲುತ್ತದೆ. ಹಿಂದೆ ಒಂದು ಪ್ಲೇಟು ಹೆಚ್ಚು ಹಾಕಿಸಿದರೆ ಸ್ಪ್ರಿಂಗು ತಡೆಯುತ್ತದೆ, ಬೇರಿಂಗು, ಬ್ರೇಕು, ಕ್ಲಚ್ಚು ತಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅಧಿಕ ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹಾಗಾದರೆ ಮೊದಲೇ ದೊಡ್ಡದನ್ನು ಕೊಳ್ಳೋಣ ಎಂದರೆ ಅಲ್ಲೂ ಒಂದು ಗೆರೆಯಿದೆ: ಲೋಡು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಮೀರಿದರೆ ಬೇಕು. ಸುಗ್ಗಿಯ ಎರಡು ತಿಂಗಳ ಲೋಡನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಂಡ ದೊಡ್ಡ ಗಾಡಿ ಉಳಿದ ಹತ್ತು ತಿಂಗಳು ಅರ್ಧ ಖಾಲಿ ಓಡುತ್ತ ದೊಡ್ಡ ಕಂತನ್ನೇ ಬೇಡುತ್ತದೆ. ಆ ಎರಡು ತಿಂಗಳಿಗೆ ಎರಡು ಟ್ರಿಪ್ಪು ಹೊಡೆಯುವುದೋ ಪಕ್ಕದವನ ಗಾಡಿ ಕರೆಯುವುದೋ ಅಗ್ಗ ಎಂದು ನನ್ನ ಲೆಕ್ಕ ಹೇಳುತ್ತದೆ. ವರ್ಷವಿಡೀ ಸಿಮೆಂಟು, ಕಬ್ಬಿಣ ಹೊರುವವನ ಲೆಕ್ಕ ಬೇರೆ.

ಇನ್ನೊಂದು ಆಕ್ಷೇಪ ಕಾಲದ್ದು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದಮೇಲೆ ಊರ ಮೆಕ್ಯಾನಿಕ್ಕಿನ ಸ್ಪ್ಯಾನರಿಗೆ ಎಲ್ಲವೂ ಸಿಗುವುದಿಲ್ಲ. ಸೆನ್ಸರು ಏನನ್ನುತ್ತದೆ ಎಂದು ತಿಳಿಯಲು ಸ್ಕ್ಯಾನರ್ ಬೇಕು. ಆದ್ದರಿಂದ ಸುತ್ತಳತೆಯ ವಾದ ಹಳೆಯದಾಯಿತು ಎನ್ನುತ್ತಾರೆ. ಹಳೆಯದಾಗಲಿಲ್ಲ, ಸುತ್ತಳತೆಯಲ್ಲಿ ಹುಡುಕಬೇಕಾದವರು ಬದಲಾದರು. ಸ್ಕ್ಯಾನರ್ ಇಟ್ಟವನು ಎಷ್ಟು ದೂರ, ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ ಯಾವ ಬಂಕಿನಲ್ಲಿ ಸಿಗುತ್ತದೆ, ಸರ್ವಿಸ್ ಸೆಂಟರು ತಾಲ್ಲೂಕಿನಲ್ಲಿದೆಯೋ ಜಿಲ್ಲೆಯಲ್ಲೋ ಎಂಬ ಪ್ರಶ್ನೆಗಳು ಮುಂದೆ ಬಂದಿವೆ. ಜೊತೆಗೆ ಕೆಲಸದ ಹೊಂದಿಕೆ ಇನ್ನಷ್ಟು ಬಿಗಿಯಾಗಿದೆ. ಡೀಸೆಲ್ ಗಾಡಿಯ ಹೊಗೆಯಲ್ಲಿನ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಜರಡಿ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ಎಂಜಿನ್ ಚೆನ್ನಾಗಿ ಕಾದು, ತುಸು ಹೊತ್ತು ಒಂದೇ ಸಮನೆ ಓಡಬೇಕು. ಪೇಟೆಯೊಳಗೆ ಎರಡೆರಡು ಕಿಲೋಮೀಟರಿಗೆ ನಿಲ್ಲಿಸಿ ನೀರಿನ ಕ್ಯಾನು ಇಳಿಸುವ ಗಾಡಿಗೆ ಆ ಓಟ ಸಿಗುವುದಿಲ್ಲ. ಜರಡಿ ಕಟ್ಟಿಕೊಳ್ಳುತ್ತದೆ, ಮೀಟರಿನಲ್ಲಿ ದೀಪ ಹತ್ತುತ್ತದೆ, ಬೈಗುಳ ಕಂಪನಿಗೆ ಹೋಗುತ್ತದೆ. ಅಂಥ ಕೆಲಸಕ್ಕೆ ಪೆಟ್ರೋಲು ಇಲ್ಲವೇ ಸಿಎನ್‌ಜಿ ಗಾಡಿ ಸರಿ.

ಕೊನೆಗೆ ಉಳಿಯುವ ಪ್ರಶ್ನೆ, ಎಲ್ಲರೂ ನೆರೆಹೊರೆ ನೋಡಿಯೇ ಕೊಂಡರೆ ಹೊಸ ಮಾದರಿಯನ್ನು ಮೊದಲು ಕೊಳ್ಳುವವರು ಯಾರು ಎಂಬುದು. ಎರಡು ಗಾಡಿ ಇಟ್ಟವನು ಮೂರನೆಯದಾಗಿ ಹೊಸದನ್ನು ಪರೀಕ್ಷಿಸಬಹುದು. ಅದು ಒಂದು ದಿನ ನಿಂತರೆ ಉಳಿದೆರಡು ದುಡಿಯುತ್ತವೆ. ಇರುವ ಒಂದೇ ಗಾಡಿಯಲ್ಲಿ ಕಂಪನಿಯ ಪರೀಕ್ಷೆ ನಡೆಸಿಕೊಡುವ ಕೆಲಸ ಒಬ್ಬಂಟಿ ಮಾಲೀಕನದಲ್ಲ ಎನ್ನಬಹುದಿತ್ತು, ಟಾಟಾ ಏಸ್ ಇಲ್ಲದಿದ್ದರೆ. 2005ರ ಮೇ ತಿಂಗಳಲ್ಲಿ ಎರಡೂಕಾಲು ಲಕ್ಷದ ಆಸುಪಾಸಿಗೆ ಬಂದ ಆ ಗಾಡಿಯನ್ನು ಮೊದಲು ಕೊಂಡವರಲ್ಲಿ ಒಬ್ಬಂಟಿ ಮಾಲೀಕರೇ ಹೇರಳ. ಅವರು ಅದನ್ನು ತೂಗಿ ನೋಡಿದ್ದು ಮೂರು ಚಕ್ರದ ಸರಕು ಆಟೋದೊಂದಿಗೆ. ಹದಿನಾರು ಅಶ್ವಶಕ್ತಿಯೇ ಆಗಲಿ, ನಾಲ್ಕನೆಯ ಚಕ್ರ ಇತ್ತು, ಮಳೆಗೆ ಮುಚ್ಚುವ ಬಾಗಿಲಿತ್ತು. ಇನ್ನೊಂದು ಸಂಗತಿ ಜಾಹೀರಾತಿನಲ್ಲಿ ಎದ್ದು ಕಾಣುತ್ತಿರಲಿಲ್ಲ. 702 ಸಿಸಿಯ ಅದರ ಎರಡು ಸಿಲಿಂಡರಿನ ಎಂಜಿನ್ನು, ಆಗಲೇ ಆರು ವರ್ಷದಿಂದ ಊರೂರಲ್ಲಿ ಓಡುತ್ತಿದ್ದ ಇಂಡಿಕಾ ಡೀಸೆಲ್ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಅರ್ಧಕ್ಕೆ ಕತ್ತರಿಸಿದಂತಿತ್ತು. ಹೊಸ ಗಾಡಿಯೊಳಗೆ ಇಣುಕಿದ ಮೆಕ್ಯಾನಿಕ್ಕಿಗೆ ಅದು ಹಳೆಯ ಪರಿಚಯವೇ.