ಉತ್ತರಕ್ಕೆ ಮುತ್ತಜ್ಜಿಯ ಮನೆ

ನಮ್ಮ ಮೂಲ ಕೂಟಗಲ್. ತಾತನ ಕಾಲಕ್ಕೆ ರಾಮನಗರಕ್ಕೆ ಬಂದು, ಹಳೆ ಬೀದಿಯೊಂದರಲ್ಲಿ ಚರಕ ಹೂಡಿ ರೇಷ್ಮೆ ನೂಲು ತೆಗೆಯುತ್ತಿದ್ದರಂತೆ. ಮನೆ ಕೊಂಡದ್ದು ಯಾರಿಂದ, ಯಾವಾಗ ಎಂದು ಕೇಳಿದರೆ ಅಪ್ಪ, "ಅದನ್ನೆಲ್ಲ ಯಾರು ಬರೆದಿಟ್ಟವ್ರೆ" ಎಂದು ಎದ್ದುಬಿಡುತ್ತಿದ್ದರು.

ಹುಡುಕಲು ಹೊರಟ ನಾನು ಮೊದಲು ಎಡವಿದ್ದು ಊರಿನ ಹೆಸರಲ್ಲೇ. ಹಳೆ ಪತ್ರಗಳಲ್ಲಿ ರಾಮನಗರವೇ ಇಲ್ಲ, ಇರುವುದು ಕ್ಲೋಸ್‌ಪೇಟೆ. 1800ರಲ್ಲಿ ದಿವಾನ್ ಪೂರ್ಣಯ್ಯ ಪೇಟೆ ಕಟ್ಟಿಸಿ, ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟಿದ್ದರು. ಈಗ ಆ ಹೆಸರು ಉಳಿದಿರುವುದು ನಮ್ಮ ಬೆಟ್ಟಗಳ ಕಲ್ಲಿಗೆ ಮಾತ್ರ: ಭೂವಿಜ್ಞಾನಿಗಳಿಗೆ ಅದು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಜಿಲ್ಲೆಯ ಕತೆಯೂ ಹಾಗೇ. ಬೆಂಗಳೂರು ಇದ್ದದ್ದು 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಮನೆ ಮಾತ್ರ ಇದ್ದಲ್ಲೇ ಇತ್ತು. ಡೋರ್ ನಂಬರನ್ನು ನಂಬಿ ಇನ್ನೆರಡು ತಿಂಗಳು ಕಳೆದೆ. ಅದೂ ಎಷ್ಟು ಸಲ ಬದಲಾಗಿತ್ತೋ.

ಆಮೇಲೆ ನೆನಪಾದವರು ಹೆಳವರು. ಸುಗ್ಗಿ ಮುಗಿದ ಮೇಲೆ ಕೂಟಗಲ್ಲಿನ ದೊಡ್ಡಪ್ಪನ ಮನೆಗೆ ಬಂದು, ಜಗಲಿ ಮೇಲೆ ಕೂತು, ಪುಸ್ತಕ ಬಿಚ್ಚಿ ವಂಶಾವಳಿ ಓದುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕು. ಏಳು ತಲೆಮಾರು ಒಂದೇ ಉಸಿರಿಗೆ ಓದಿದರು. ಎಲ್ಲ ಗಂಡಸರೇ. ರಾಗಿ, ದುಡ್ಡು ಕೊಟ್ಟು ಕಳಿಸಿದೆವು. ಬೀದಿಯ ಮನೆಯ ಸುದ್ದಿ ಸಿಗಲಿಲ್ಲ.

ಕೊನೆಗೆ ಬೇರೆ ದಾರಿ ಕಾಣದೆ ಆ ಬೀದಿಗೇ ಹೋಗಿ ಸುಮ್ಮನೆ ನಿಂತೆ. ಪಕ್ಕದ ಮನೆಯ ಅಜ್ಜಿ ಹೊಸಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಕೂಟಗಲ್ನೋರ ಮೊಮ್ಮಗ ಅಲ್ವೇನಪ್ಪ ನೀನು? ಮೂಗು ಅದೇಯ" ಅಂದರು. ಒಳಗೆ ಕರೆದು ಕಾಫಿ ಕೊಟ್ಟು, ಮಂಚದ ಕೆಳಗಿನ ಟ್ರಂಕು ಎಳೆಸಿದರು. ಅವರ ಮಾವ ಮನೆ ಕೊಂಡ ಕ್ರಯಪತ್ರ. ಗಂಡಭೇರುಂಡದ ಮುದ್ರೆಯ ಛಾಪಾಕಾಗದ, ಮಡಿಕೆಯಲ್ಲೆಲ್ಲ ಹರಿದು ಹಿಂದಿನಿಂದ ಅನ್ನದ ಗಂಜಿಯಲ್ಲಿ ಅಂಟಿಸಿದ್ದು. ಚಕ್ಕುಬಂದಿಯ ಸಾಲಿಗೆ ಬಂದು ಬೆರಳು ನಿಂತಿತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ, ದಕ್ಷಿಣಕ್ಕೆ ಗೋಡೆ, ಉತ್ತರಕ್ಕೆ ನನ್ನ ಮುತ್ತಜ್ಜಿಯ ಮನೆ. ತಾತನದಲ್ಲ. ಗಂಡ ತೀರಿಕೊಂಡ ಹೆಂಗಸು, ಮಗ ಇನ್ನೂ ಚಿಕ್ಕವನು, ಆಕೆಯ ಹೆಸರಿಗೇ ಮನೆ ಇತ್ತು. ತಾತ ಕೊಂಡರೆಂದು ಮೂರು ತಲೆಮಾರು ಹೇಳಿಕೊಂಡು ಬಂದ ನಮಗೆ ಆಕೆಯ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಕಾಗದ ಎಂದೋ ಗೆದ್ದಲು ತಿಂದಿತ್ತು, ಪಕ್ಕದವರ ಕಾಗದ ಆಕೆಯನ್ನು ಉಳಿಸಿಕೊಂಡಿತ್ತು.

ಈ ಸಲ ಹೆಳವರು ಬಂದಾಗ ಆಕೆಯ ಹೆಸರು ಬರೆಯಿರಿ ಎಂದೆ. ಪೆನ್ನು ತೆಗೆದು, "ಬರೀತೀನಿ ಸ್ವಾಮಿ, ತವರು ಯಾವೂರು?" ಅಂದರು. ದೊಡ್ಡಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಂದು ಗೆರೆ ಖಾಲಿ ಬಿಡಿಸಿ, ಅಜ್ಜಿಯನ್ನು ಕೇಳಿಬರಲು ರಾಮನಗರದ ಬಸ್ಸು ಹತ್ತಿದೆ.