ಕಣ್ಣಿದ್ದೂ ಕಾಣದ ಅರ್ಧಲೋಕ

ಪ್ರವೇಶ: ನೋಟವೆಂಬುದು ಕಣ್ಣಿನ ಕೆಲಸ ಮಾತ್ರವಲ್ಲ, ಮನಸ್ಸೂ ಅದರೊಡನೆ ಕೂಡಬೇಕು. ಮನಸ್ಸು ಸುತ್ತಲಿನ ಸ್ಥಳದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹೇಗೆ ಹೊರಳುತ್ತದೆ, ಮಿದುಳಿಗೆ ಪೆಟ್ಟಾದಾಗ ಆ ಶಕ್ತಿಗೆ ಯಾವ ಗತಿಯೊದಗುತ್ತದೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡ ಬಗೆಯನ್ನು ಈ ಪಾಠವು ತಿಳಿಸುತ್ತದೆ.

ಕಣ್ಣು ತೆರೆದಿದ್ದರೆ ಸಾಕು, ಎದುರಿಗಿರುವ ವಸ್ತುಗಳೆಲ್ಲ ತಾವಾಗಿಯೇ ಕಾಣುತ್ತವೆ ಎಂಬುದು ನಮ್ಮೆಲ್ಲರ ಸಾಮಾನ್ಯ ನಂಬಿಕೆ. ಆದರೆ ದಿನನಿತ್ಯದ ಅನುಭವವು ಈ ನಂಬಿಕೆಗೆ ಒತ್ತಾಸೆಯಾಗಿ ನಿಲ್ಲುವುದಿಲ್ಲ. ಮನೆಯೆಲ್ಲ ಹುಡುಕಿದ ಲೇಖನಿ ಮೇಜಿನ ಮೇಲೆ ಕಣ್ಣೆದುರಿನಲ್ಲಿಯೇ ಬಿದ್ದಿರುತ್ತದೆ. ದಾರಿಯಲ್ಲಿ ಎದುರಾದ ಗೆಳೆಯನನ್ನು ಗುರುತಿಸದೆ ಮುಂದೆ ಸಾಗಿಬಿಡುತ್ತೇವೆ. ಮರುದಿನ ಅವನು ಆಕ್ಷೇಪಿಸಿದರೆ, "ಮನಸ್ಸು ಎಲ್ಲಿಯೋ ಇತ್ತು" ಎಂದು ಸಮಾಧಾನ ಹೇಳುತ್ತೇವೆ. ಈ ಸಮಾಧಾನದ ಮಾತಿನಲ್ಲಿ ದೊಡ್ಡದೊಂದು ಸತ್ಯ ಅಡಗಿದೆ. ಕಣ್ಣು ಒಂದೆಡೆ ಇದ್ದಾಗ ಮನಸ್ಸು ಇನ್ನೊಂದೆಡೆ ಇರಬಲ್ಲುದು. ಮನಸ್ಸು ಹೋಗದ ಕಡೆಯಲ್ಲಿ ಕಣ್ಣು ಕಂಡರೂ ಕಾಣದಂತೆಯೇ.

ದ್ರೋಣಾಚಾರ್ಯರು ತಮ್ಮ ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಮರದ ಮೇಲಿನ ಹಕ್ಕಿಗೆ ಗುರಿಯಿಟ್ಟು ನಿಂತ ಇತರರಿಗೆ ಮರ, ಕೊಂಬೆ, ಗುರುಗಳು, ಸೋದರರು ಎಲ್ಲವೂ ಕಾಣುತ್ತಿದ್ದವು. ಅರ್ಜುನನಿಗಾದರೋ ಹಕ್ಕಿಯ ತಲೆಯೊಂದೇ ಕಾಣುತ್ತಿತ್ತು. ಅರ್ಜುನನ ಕಣ್ಣಿನಲ್ಲಿ ಮರದ ಬಿಂಬ ಬೀಳಲಿಲ್ಲವೇ? ಬಿದ್ದೇ ಇರಬೇಕು. ಆದರೆ ಅವನ ಲಕ್ಷ್ಯವು ಒಂದೇ ತಾಣದಲ್ಲಿ ನೆಲೆಗೊಂಡಿತ್ತು. ಹೀಗೆ ಸುತ್ತಲಿನ ಸ್ಥಳದಲ್ಲಿ ಒಂದು ಭಾಗವನ್ನು ಆರಿಸಿಕೊಂಡು ಮನಸ್ಸನ್ನು ಅಲ್ಲಿ ನಿಲ್ಲಿಸುವ ಶಕ್ತಿಗೆ ‘ಅವಧಾನ’ವೆಂದು ಹೆಸರು.

ಅವಧಾನವು ಕಣ್ಣಿನ ಚಲನೆಯಿಂದ ಬೇರೆಯಾದುದು ಎಂಬುದನ್ನು ಪ್ರಯೋಗದಿಂದ ತೋರಿಸಿದವನು ಜರ್ಮನಿಯ ಮಹಾವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವನು ಕತ್ತಲೆ ತುಂಬಿದ ಪೆಟ್ಟಿಗೆಯೊಂದರಲ್ಲಿ ಅಕ್ಷರಗಳನ್ನು ಮುದ್ರಿಸಿದ ಹಾಳೆಯನ್ನಿಟ್ಟನು. ಬೆಳಕು ನುಸುಳುವ ಸಣ್ಣ ರಂಧ್ರದ ಮೇಲೆ ದೃಷ್ಟಿಯನ್ನು ಕದಲದಂತೆ ನೆಟ್ಟು, ಹಾಳೆಯ ಯಾವ ಭಾಗಕ್ಕೆ ಗಮನ ಕೊಡಬೇಕೆಂಬುದನ್ನು ಮನಸ್ಸಿನಲ್ಲಿಯೇ ಮೊದಲು ನಿಶ್ಚಯಿಸಿಕೊಳ್ಳುತ್ತಿದ್ದನು. ಬಳಿಕ ವಿದ್ಯುತ್ ಕಿಡಿಯೊಂದು ಪೆಟ್ಟಿಗೆಯನ್ನು ಕ್ಷಣಮಾತ್ರ ಬೆಳಗುತ್ತಿತ್ತು. ಅಷ್ಟು ಅಲ್ಪಕಾಲದಲ್ಲಿ ಕಣ್ಣು ಹೊರಳಲು ಸಾಧ್ಯವೇ ಇಲ್ಲ. ಆದರೂ ತಾನು ಮೊದಲೇ ಆರಿಸಿಕೊಂಡಿದ್ದ ಭಾಗದ ಅಕ್ಷರಗಳನ್ನು ಅವನು ಓದಬಲ್ಲವನಾದನು. ಉಳಿದವು ಅಸ್ಪಷ್ಟವಾಗಿಯೇ ಉಳಿದವು. ಕಣ್ಣು ನಿಂತಲ್ಲಿಯೇ ನಿಂತಿತ್ತು. ಮನಸ್ಸು ಮಾತ್ರ ನಡೆದುಹೋಗಿತ್ತು.

ಈ ನಡಿಗೆಯ ವೇಗವನ್ನು ಅಳೆಯುವ ಸರಳವಾದ ವಿಧಾನವನ್ನು ಅಮೆರಿಕದ ಮೈಕೆಲ್ ಪೋಸ್ನರ್ ಎಂಬ ಮನೋವಿಜ್ಞಾನಿ 1980ರಲ್ಲಿ ವಿವರಿಸಿದರು. ಪರದೆಯ ನಡುವಿನ ಗುರುತನ್ನೇ ನೋಡುತ್ತಿರುವ ವ್ಯಕ್ತಿಗೆ ಮೊದಲು ಒಂದು ಬಾಣದ ಚಿಹ್ನೆ ಕಾಣುತ್ತದೆ. ಅನಂತರ ಎಡಕ್ಕೋ ಬಲಕ್ಕೋ ಒಂದು ದೀಪ ಹೊಳೆಯುತ್ತದೆ. ಹೊಳೆದೊಡನೆ ಗುಂಡಿಯನ್ನು ಒತ್ತಬೇಕು. ಬಾಣ ತೋರಿದ ಕಡೆಯಲ್ಲಿಯೇ ದೀಪ ಹೊಳೆದಾಗ ಉತ್ತರ ಬೇಗ ಬರುತ್ತದೆ. ಬಾಣವು ದಾರಿ ತಪ್ಪಿಸಿದಾಗ ಉತ್ತರ ತಡವಾಗುತ್ತದೆ. ಈ ಅಂತರ ಒಂದು ಸೆಕೆಂಡಿನ ಕೆಲವೇ ನೂರನೆಯ ಭಾಗಗಳಷ್ಟಾದರೂ ಮತ್ತೆ ಮತ್ತೆ ಅಳೆದಾಗ ತಪ್ಪದೆ ಕಂಡುಬರುತ್ತದೆ. ಅವಧಾನವು ಕತ್ತಲೆಯಲ್ಲಿ ಹಾಯಿಸಿದ ಬ್ಯಾಟರಿ ದೀಪದ ಬೆಳಕಿನಂತೆ. ಅದು ಬಿದ್ದ ಕಡೆ ಎಲ್ಲವೂ ನಿಚ್ಚಳ, ಬೀಳದ ಕಡೆ ಮಸುಕು.

ಈ ಬೆಳಕಿಗೆ ನಾವು ತೆರುವ ಬೆಲೆಯೂ ಉಂಟು. 1999ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಸೈಮನ್ಸ್ ಮತ್ತು ಶಾಬ್ರಿ ಎಂಬುವರು, ಚೆಂಡಾಟದ ಕಿರುಚಿತ್ರವೊಂದನ್ನು ಜನರಿಗೆ ತೋರಿಸಿ, ಒಂದು ತಂಡದವರು ಎಷ್ಟು ಬಾರಿ ಚೆಂಡನ್ನು ಕೈಯಿಂದ ಕೈಗೆ ದಾಟಿಸಿದರೆಂದು ಎಣಿಸಲು ಹೇಳಿದರು. ಆಟದ ನಡುವೆ ಗೊರಿಲ್ಲದ ವೇಷ ತೊಟ್ಟ ವ್ಯಕ್ತಿಯೊಬ್ಬರು ಬಂದು, ಎದೆ ಬಡಿದುಕೊಂಡು, ಹೊರಟುಹೋದರು. ನೋಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ಗೊರಿಲ್ಲವನ್ನು ಕಾಣಲೇ ಇಲ್ಲ! ಅವರ ಕಣ್ಣಿನಲ್ಲಾಗಲಿ ಮಿದುಳಿನಲ್ಲಾಗಲಿ ಯಾವ ದೋಷವೂ ಇರಲಿಲ್ಲ. ಅವಧಾನ ಮಾತ್ರ ಚೆಂಡಿನ ಬೆನ್ನು ಹತ್ತಿತ್ತು.

ಆರೋಗ್ಯವಂತರ ಅವಧಾನ ಹೀಗೆ ಒಂದೆಡೆ ನೆಟ್ಟಿದ್ದರೂ ಬೇಕೆಂದಾಗ ಇನ್ನೊಂದೆಡೆಗೆ ಹೊರಳುತ್ತದೆ. ಈ ಹೊರಳುವ ಶಕ್ತಿಯೇ ಕೆಟ್ಟುಹೋದರೆ ಮನುಷ್ಯನ ಲೋಕ ಹೇಗಿರುತ್ತದೆ?

ನಮ್ಮ ದೊಡ್ಡ ಮಿದುಳಿನಲ್ಲಿ ಎರಡು ಗೋಲಾರ್ಧಗಳಿವೆ. ಬಲಗೋಲಾರ್ಧವು ದೇಹದ ಎಡಭಾಗವನ್ನೂ ಎಡಗೋಲಾರ್ಧವು ಬಲಭಾಗವನ್ನೂ ಆಳುತ್ತವೆ. ಮಿದುಳಿನ ರಕ್ತನಾಳ ಮುಚ್ಚಿಕೊಂಡಾಗ ಅಥವಾ ಒಡೆದಾಗ ಪಾರ್ಶ್ವವಾಯು ಉಂಟಾಗುತ್ತದೆ. ಪೆಟ್ಟು ಬಲಗೋಲಾರ್ಧಕ್ಕೆ, ಅದರಲ್ಲಿಯೂ ಕಿವಿಯಿಂದ ತುಸು ಮೇಲೆ ಹಿಂಬದಿಗಿರುವ ಪೆರೈಟಲ್ ಹಾಲೆ ಎಂಬ ಭಾಗಕ್ಕೆ ಅಥವಾ ಅದರ ನೆರೆಯ ಭಾಗಗಳಿಗೆ ತಗುಲಿದರೆ, ಕೆಲವು ರೋಗಿಗಳಲ್ಲಿ ವಿಚಿತ್ರವಾದ ಲಕ್ಷಣವೊಂದು ತೋರುತ್ತದೆ. ಎಡಗಡೆಯ ಲೋಕವೇ ಅವರ ಪಾಲಿಗೆ ಇಲ್ಲದಂತಾಗುತ್ತದೆ. ಇದಕ್ಕೆ ವೈದ್ಯರು ‘ಏಕಪಾರ್ಶ್ವ ಉಪೇಕ್ಷೆ’ ಎನ್ನುತ್ತಾರೆ.

ಇಂಥ ರೋಗಿ ಊಟಕ್ಕೆ ಕುಳಿತರೆ ಬಲಭಾಗದ ಅನ್ನವನ್ನು ಮಾತ್ರ ಉಂಡು, ಎಡಭಾಗದ್ದನ್ನು ಹಾಗೆಯೇ ಬಿಟ್ಟು, ಇನ್ನೂ ಹಸಿವೆ ಎನ್ನಬಹುದು. ಎಲೆಯ ಎಡತುದಿಯಲ್ಲಿ ಬಡಿಸಿದ ಉಪ್ಪು, ಉಪ್ಪಿನಕಾಯಿಗಳು ಅವನಿಗೆ ಕಾಣುವುದಿಲ್ಲ. ಮುಖದ ಬಲಗೆನ್ನೆಯನ್ನು ಮಾತ್ರ ಕ್ಷೌರ ಮಾಡಿಕೊಳ್ಳುತ್ತಾನೆ. ಅಂಗಿಯ ಬಲತೋಳನ್ನು ಮಾತ್ರ ತೊಡುತ್ತಾನೆ. ‘ಮನೆದೇವರು’ ಎಂಬ ಪದವನ್ನು ‘ದೇವರು’ ಎಂದಷ್ಟೇ ಓದಬಹುದು. ಗಡಿಯಾರವನ್ನು ಬರೆಯಲು ಹೇಳಿದರೆ ಹನ್ನೆರಡು ಅಂಕಿಗಳನ್ನೂ ಬಲಭಾಗದಲ್ಲಿಯೇ ತುರುಕಬಹುದು. ಒಂದು ಗೆರೆಯ ನಡುಬಿಂದುವನ್ನು ಗುರುತಿಸಲು ಹೇಳಿದರೆ, ನಡುವನ್ನು ಬಿಟ್ಟು ಬಹಳ ಬಲಕ್ಕೆ ಗುರುತು ಹಾಕುತ್ತಾನೆ.

ಇದು ಕುರುಡುತನವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ದೃಷ್ಟಿಕ್ಷೇತ್ರದ ಎಡಭಾಗವನ್ನು ಮಾತ್ರ ಕಳೆದುಕೊಂಡವನಿಗೆ ತನ್ನ ಕೊರತೆಯ ಅರಿವು ಸಾಮಾನ್ಯವಾಗಿ ಉಂಟಾಗುತ್ತದೆ. ಅವನು ತಲೆಯನ್ನು ಎಡಕ್ಕೆ ತಿರುಗಿಸಿ ನೋಡುವುದನ್ನು ಕಲಿಯುತ್ತಾನೆ. ಉಪೇಕ್ಷೆಯ ರೋಗಿ ಹಾಗೆ ತಿರುಗುವುದೇ ಇಲ್ಲ. ಅಲ್ಲಿ ನೋಡಬೇಕಾದುದು ಏನೋ ಇದೆಯೆಂದು ಅವನಿಗೆ ತೋರಿದರಲ್ಲವೇ ತಿರುಗುವುದು? ಕಳೆದುಕೊಂಡುದರ ಜೊತೆಗೆ ಕಳೆದುಕೊಂಡೆನೆಂಬ ಅರಿವೂ ಹೋಗಿರುವುದೇ ಈ ರೋಗದ ಅತ್ಯಂತ ದಾರುಣವಾದ ಅಂಶ.

ಈ ಸಂಗತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪ್ರಯೋಗವೊಂದು ಇಟಲಿಯ ಮಿಲಾನ್ ನಗರದಲ್ಲಿ ನಡೆಯಿತು. ಆ ನಗರದ ನಡುವೆ ವಿಶಾಲವಾದ ಚೌಕವೊಂದಿದೆ. ಅದರ ಒಂದು ಕೊನೆಯಲ್ಲಿ ದುವೊಮೊ ಎಂಬ ಪ್ರಸಿದ್ಧವಾದ ಇಗರ್ಜಿ ನಿಂತಿದೆ. ಬಿಸಿಯಾಕ್ ಮತ್ತು ಲುತ್ಸಾಟಿ ಎಂಬ ವಿಜ್ಞಾನಿಗಳು ಆ ಚೌಕವನ್ನು ಚೆನ್ನಾಗಿ ಬಲ್ಲ ಇಬ್ಬರು ರೋಗಿಗಳನ್ನು ಪರೀಕ್ಷಿಸಿ, ಅದರ ವಿವರವನ್ನು 1978ರಲ್ಲಿ ಪ್ರಕಟಿಸಿದರು. "ನೀವು ಇಗರ್ಜಿಗೆ ಎದುರಾಗಿ, ಚೌಕದ ಆಚೆಯ ಕೊನೆಯಲ್ಲಿ ನಿಂತಿರುವಿರೆಂದು ಭಾವಿಸಿಕೊಂಡು, ಕಾಣುವುದನ್ನು ಹೇಳಿ" ಎಂದಾಗ ರೋಗಿಗಳು ಬಲಗಡೆಯ ಕಟ್ಟಡಗಳನ್ನೇ ಹೆಚ್ಚಾಗಿ ಹೆಸರಿಸಿದರು. "ಈಗ ಇಗರ್ಜಿಯ ಬಾಗಿಲಲ್ಲಿ ನಿಂತು ಈ ಕಡೆಗೆ ನೋಡುತ್ತಿರುವಿರೆಂದು ಭಾವಿಸಿ" ಎಂದಾಗ, ಮೊದಲು ಬಿಟ್ಟಿದ್ದ ಕಟ್ಟಡಗಳನ್ನು ಹೇಳಿ, ಮೊದಲು ಹೇಳಿದ್ದವನ್ನು ಬಿಟ್ಟರು! ಚೌಕದ ಎರಡು ಪಾರ್ಶ್ವಗಳೂ ನೆನಪಿನಲ್ಲಿ ಭದ್ರವಾಗಿದ್ದವು. ಆದರೆ ಮನಸ್ಸಿನೊಳಗೆ ಚಿತ್ರಿಸಿಕೊಂಡ ಚೌಕದಲ್ಲಿ ಸಹ ಅವಧಾನವು ಎಡಕ್ಕೆ ಹೊರಳಲಾರದೆ ಹೋಗಿತ್ತು. ಇಲ್ಲಿ ಕಣ್ಣಿಗೆ ಕೆಲಸವೇ ಇರಲಿಲ್ಲವೆಂಬುದನ್ನು ನೆನೆದರೆ, ದೋಷವಿರುವುದು ಕಣ್ಣಿನಲ್ಲಿ ಅಲ್ಲವೆಂಬುದು ನಿಸ್ಸಂಶಯವಾಗುತ್ತದೆ.

ಹಾಗಾದರೆ ಎಡಗಡೆಯ ವಸ್ತುವಿನ ಸುಳಿವು ಮಿದುಳಿಗೆ ಸ್ವಲ್ಪವೂ ಮುಟ್ಟುವುದಿಲ್ಲವೇ? ಇಂಗ್ಲೆಂಡಿನ ಮಾರ್ಷಲ್ ಮತ್ತು ಹ್ಯಾಲಿಗನ್ 1988ರಲ್ಲಿ ಈ ಪ್ರಶ್ನೆಗೆ ಕುತೂಹಲಕರವಾದ ಉತ್ತರವನ್ನು ಒದಗಿಸಿದರು. ಅವರು ರೋಗಿಯೊಬ್ಬರಿಗೆ ಎರಡು ಮನೆಗಳ ಚಿತ್ರಗಳನ್ನು ಒಂದರ ಕೆಳಗೆ ಒಂದಾಗಿ ತೋರಿಸಿದರು. ಚಿತ್ರಗಳೆರಡೂ ಒಂದೇ ತೆರನಾಗಿದ್ದರೂ ಒಂದು ಮನೆಯ ಎಡಭಾಗದಿಂದ ಮಾತ್ರ ಬೆಂಕಿಯ ಜ್ವಾಲೆಗಳು ಏಳುತ್ತಿದ್ದವು. ರೋಗಿಗೆ ಎರಡೂ ಒಂದೇ ಎಂದು ತೋರಿತು. ಯಾವ ಮನೆಯಲ್ಲಿ ವಾಸಿಸಲು ಇಷ್ಟಪಡುವಿರೆಂದು ಕೇಳಿದಾಗ, ಒಂದೇ ತೆರನಾದ ಮನೆಗಳ ಬಗೆಗೆ ಇಂಥ ಪ್ರಶ್ನೆಯೇ ಅರ್ಥಹೀನವೆಂದು ಆಕೆಗೆ ಅನಿಸಿತು. ಆದರೂ ಮತ್ತೆ ಮತ್ತೆ ಕೇಳಿದಾಗ ಆಕೆ ಹೆಚ್ಚಿನ ಸಲ ಬೆಂಕಿಯಿಲ್ಲದ ಮನೆಯನ್ನೇ ಆರಿಸಿದರು. ಇದೇ ಪರೀಕ್ಷೆಗೆ ಒಳಗಾದ ಬೇರೆ ರೋಗಿಗಳೆಲ್ಲರೂ ಹೀಗೆಯೇ ಉತ್ತರಿಸಲಿಲ್ಲವೆಂಬುದು ದಿಟ. ಆದರೆ ಅರಿವಿಗೆ ಬಾರದ ವಸ್ತುವೂ ಕೆಲವೊಮ್ಮೆ ಮಿದುಳನ್ನು ಮುಟ್ಟಿ, ನಮ್ಮ ಆಯ್ಕೆಯ ಮೇಲೆ ಪ್ರಭಾವ ಬೀರಬಲ್ಲುದೆಂಬುದನ್ನು ಈ ಪ್ರಯೋಗವು ಸೂಚಿಸಿತು.

ಈ ಉಪೇಕ್ಷೆ ಎಡಗಡೆಗೇ ಹೆಚ್ಚಾಗಿ ತಗುಲುವುದೇಕೆ? ಎಡಗೋಲಾರ್ಧವು ಮುಖ್ಯವಾಗಿ ಬಲಗಡೆಯ ಲೋಕವನ್ನು ಕಾಯುತ್ತದೆ, ಬಲಗೋಲಾರ್ಧವಾದರೋ ಎರಡೂ ಕಡೆಗಳನ್ನು ಕಾಯುತ್ತದೆ ಎಂಬುದು ವಿಜ್ಞಾನಿಗಳು ಕೊಟ್ಟ ವಿವರಣೆಗಳಲ್ಲಿ ಒಂದು. ಎಡಗೋಲಾರ್ಧಕ್ಕೆ ಪೆಟ್ಟಾದರೆ ಬಲಗೋಲಾರ್ಧವು ಎರಡೂ ಕಡೆಯ ಹೊಣೆಯನ್ನು ಹೊರಬಲ್ಲುದು. ಬಲಗೋಲಾರ್ಧಕ್ಕೇ ಪೆಟ್ಟಾದರೆ ಎಡಗಡೆಯನ್ನು ಕಾಯುವವರಿಲ್ಲ. ಆರೋಗ್ಯವಂತರಲ್ಲಿ ಸಹ ಈ ಭೇದದ ಸಣ್ಣ ಸುಳಿವೊಂದು ದೊರೆಯುತ್ತದೆ: ಗೆರೆಯ ನಡುಬಿಂದುವನ್ನು ಗುರುತಿಸುವಾಗ ಅವರು ಸರಾಸರಿಯಲ್ಲಿ ನಡುವಿಗಿಂತ ಕೂದಲೆಳೆಯಷ್ಟು ಎಡಕ್ಕೆ ಸರಿಯುತ್ತಾರೆ.

ಪೋಸ್ನರ್ ಮತ್ತು ಅವರ ಸಂಗಡಿಗರು ತಮ್ಮ ದೀಪದ ಪರೀಕ್ಷೆಯನ್ನು ಪೆರೈಟಲ್ ಹಾಲೆಗೆ ಪೆಟ್ಟಾದ ರೋಗಿಗಳ ಮೇಲೆಯೂ ನಡೆಸಿ, 1984ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಸೂಚನೆ ಮೊದಲೇ ದೊರೆತಾಗ ಪೆಟ್ಟಿನ ಎದುರು ಪಾರ್ಶ್ವದ ದೀಪವನ್ನು ಸಹ ರೋಗಿಗಳು ಬಹುಮಟ್ಟಿಗೆ ಚೆನ್ನಾಗಿಯೇ ಗುರುತಿಸಿದರು. ಆದರೆ ಅವಧಾನವು ಒಮ್ಮೆ ಇನ್ನೊಂದು ಪಾರ್ಶ್ವಕ್ಕೆ ಅಂಟಿಕೊಂಡರೆ, ಅಲ್ಲಿಂದ ಬಿಡಿಸಿಕೊಂಡು ಬರಲು ಅವರಿಗೆ ಬಹಳ ಕಷ್ಟವಾಗುತ್ತಿತ್ತು. ಅವಧಾನವೆಂಬುದು ಒಂದೇ ಕ್ರಿಯೆಯಲ್ಲ. ಇದ್ದ ಕಡೆಯಿಂದ ಬಿಡಿಸಿಕೊಳ್ಳುವುದು, ಹೊರಳುವುದು, ಹೊಸ ತಾಣದಲ್ಲಿ ನೆಲೆಗೊಳ್ಳುವುದು ಬೇರೆ ಬೇರೆ ಕ್ರಿಯೆಗಳೆಂಬ ತಿಳಿವಳಿಕೆ ಹೀಗೆ ಮೂಡಿತು. ಕೆಲಸಮಾಡುತ್ತಿರುವ ಮಿದುಳನ್ನೇ ಚಿತ್ರಿಸುವ ಯಂತ್ರಗಳು ಬಂದ ಮೇಲೆ ಈ ಅರಿವು ಇನ್ನಷ್ಟು ಬೆಳೆಯಿತು. ನಾವು ಬೇಕೆಂದು ಗಮನ ಹರಿಸುವಾಗ ಒಂದು ಜಾಲವೂ, ಅನಿರೀಕ್ಷಿತ ಸಂಗತಿಯೊಂದು ನಮ್ಮನ್ನು ಸೆಳೆದಾಗ ಬಹುಮಟ್ಟಿಗೆ ಬಲಗೋಲಾರ್ಧದಲ್ಲಿರುವ ಇನ್ನೊಂದು ಜಾಲವೂ ಕೆಲಸಮಾಡುತ್ತವೆಂದು ಕೊರ್ಬೆಟ್ಟ ಮತ್ತು ಶುಲ್ಮನ್ 2002ರಲ್ಲಿ ಪ್ರತಿಪಾದಿಸಿದರು.

ಈ ಸಂಶೋಧನೆಗಳಿಂದ ರೋಗಿಗೆ ಆದ ಪ್ರಯೋಜನವೇನು? ಅನೇಕರಲ್ಲಿ ಉಪೇಕ್ಷೆಯು ವಾರಗಳು, ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ. ಕೆಲವರಲ್ಲಿ ಬಹುಕಾಲ ಉಳಿಯುತ್ತದೆ. ಪುಟದ ಎಡ ಅಂಚಿನಲ್ಲಿ ಕೆಂಪು ಗೆರೆಯೊಂದನ್ನೆಳೆದು, ಆ ಗೆರೆ ಕಾಣುವವರೆಗೂ ಕಣ್ಣನ್ನು ಹೊರಳಿಸಿ ಓದಲು ಕಲಿಸುವುದುಂಟು. 1998ರಲ್ಲಿ ಫ್ರಾನ್ಸಿನ ರೊಸೆಟ್ಟಿ ಮತ್ತು ಸಂಗಡಿಗರು ನೋಟವನ್ನು ಬಲಕ್ಕೆ ಸರಿಸುವ ಅಶ್ರಗದ ಕನ್ನಡಕವನ್ನು ರೋಗಿಗಳಿಗೆ ತೊಡಿಸಿ, ಗುರಿಯತ್ತ ಬೆರಳು ತೋರಿಸುವ ಅಭ್ಯಾಸ ಮಾಡಿಸಿದರು. ಕನ್ನಡಕವನ್ನು ತೆಗೆದ ಮೇಲೆ ಕೈ ಮತ್ತು ಗಮನ ಸ್ವಲ್ಪ ಎಡಕ್ಕೆ ವಾಲಿದುದು ಕಂಡುಬಂದಿತು. ಮುಂದಿನ ಪ್ರಯೋಗಗಳೆಲ್ಲವೂ ಒಂದೇ ಫಲವನ್ನು ಕೊಡಲಿಲ್ಲವಾದರೂ ಚಿಕಿತ್ಸೆಯ ಹೊಸ ದಾರಿಯೊಂದು ತೆರೆಯಿತು.

ಆದರೆ ಔಷಧಿ, ಉಪಕರಣಗಳಿಗಿಂತ ಮೊದಲು ಬೇಕಾದುದು ಮನೆಯವರ ತಿಳಿವಳಿಕೆ. ಬಡಿಸಿದ್ದನ್ನು ಬಿಟ್ಟು ಏಳುವ ಅಜ್ಜನನ್ನು ಹಟಮಾರಿಯೆಂದೂ, ಎಡಗಡೆ ನಿಂತು ಮಾತನಾಡಿಸಿದರೆ ಉತ್ತರ ಕೊಡದ ಅಜ್ಜಿಯನ್ನು ಮುನಿಸಿನವಳೆಂದೂ ತಪ್ಪಾಗಿ ಭಾವಿಸುವುದು ಸುಲಭ. ಅವರು ನಮ್ಮನ್ನು ಉಪೇಕ್ಷಿಸುತ್ತಿಲ್ಲ. ನಾವು ನಿಂತಿರುವ ಜಾಗವೇ ಅವರ ಲೋಕದಲ್ಲಿ ಇಲ್ಲ. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಟ್ಟರೆ ಉಳಿದ ಅನ್ನ ಬಲಕ್ಕೆ ಬರುತ್ತದೆ, ಅವರು ಉಣ್ಣುತ್ತಾರೆ. ರೋಗದ ಸ್ವರೂಪವನ್ನು ಅರಿತವನಿಗೆ ಮಾತ್ರ ಈ ಸಣ್ಣ ಉಪಾಯ ಹೊಳೆಯುತ್ತದೆ; ಅರಿಯದವನಿಗೆ ಬರುವುದು ಕೋಪವೊಂದೇ.

ಅರ್ಜುನನು ಬೇಕೆಂದು ಮರವನ್ನು ಮರೆತನು. ಬಾಣ ಬಿಟ್ಟ ಮೇಲೆ ಮರವು ಮತ್ತೆ ಅವನಿಗೆ ಕಂಡಿತು. ಈ ರೋಗಿಗಳು ಮರೆತದ್ದು ಬೇಕೆಂದಲ್ಲ. ಮರೆತ ಲೋಕ ಅವರಿಗೆ ಸುಲಭವಾಗಿ ಮರಳುವುದೂ ಇಲ್ಲ. ಬೇಕಾದಾಗ ನೆಲೆಗೊಂಡು, ಬೇಕಾದಾಗ ಬಿಡಿಸಿಕೊಳ್ಳುವ ಮನಸ್ಸು ಎಷ್ಟು ದೊಡ್ಡ ಸಂಪತ್ತೆಂಬುದನ್ನು ಅದನ್ನು ಕಳೆದುಕೊಂಡವರೇ ನಮಗೆ ತಿಳಿಸಿಕೊಟ್ಟಿದ್ದಾರೆ. ತಮ್ಮ ಕಷ್ಟದ ನಡುವೆಯೂ ತಾಳ್ಮೆಯಿಂದ ಗೆರೆಗಳನ್ನು ಗುರುತಿಸಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟ ಆ ರೋಗಿಗಳಿಗೆ ವಿಜ್ಞಾನವು ಋಣಿಯಾಗಿದೆ.

ಪದಗಳ ಅರ್ಥ

ಅವಧಾನ - ಏಕಾಗ್ರವಾದ ಗಮನ. ಉಪೇಕ್ಷೆ - ಲಕ್ಷಿಸದಿರುವುದು. ಗೋಲಾರ್ಧ - ಗೋಲದ ಅರ್ಧಭಾಗ. ಪಾರ್ಶ್ವ - ಪಕ್ಕ. ಒತ್ತಾಸೆ - ಬೆಂಬಲ. ದಾರುಣ - ಬಹಳ ದುಃಖಕರ. ಇಗರ್ಜಿ - ಕ್ರೈಸ್ತರ ಪ್ರಾರ್ಥನಾಮಂದಿರ. ಅಶ್ರಗ - ಬೆಳಕಿನ ದಾರಿಯನ್ನು ಬಾಗಿಸುವ ಗಾಜಿನ ಪಟ್ಟಕ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ:
1. ಅವಧಾನವೆಂದರೇನು?
2. ಹೆಲ್ಮ್‌ಹೋಲ್ಟ್ಸನು ಕ್ಷಣಮಾತ್ರದ ಬೆಳಕನ್ನು ಬಳಸಿದುದೇಕೆ?
3. ಬಲಗೋಲಾರ್ಧವು ದೇಹದ ಯಾವ ಭಾಗವನ್ನು ಆಳುತ್ತದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಏಕಪಾರ್ಶ್ವ ಉಪೇಕ್ಷೆಯು ಕುರುಡುತನಕ್ಕಿಂತ ಹೇಗೆ ಭಿನ್ನವಾದುದು?
2. ಮಿಲಾನ್ ನಗರದ ಪ್ರಯೋಗದಿಂದ ತಿಳಿದುಬಂದುದೇನು?
3. ಇಂಥ ರೋಗಿಯೊಡನೆ ಮನೆಯವರು ಹೇಗೆ ನಡೆದುಕೊಳ್ಳಬೇಕು?

ಇ. ಸಂದರ್ಭದೊಡನೆ ವಿವರಿಸಿ:
1. "ಮನಸ್ಸು ಎಲ್ಲಿಯೋ ಇತ್ತು."
2. "ನಾವು ನಿಂತಿರುವ ಜಾಗವೇ ಅವರ ಲೋಕದಲ್ಲಿ ಇಲ್ಲ."

ಈ. ಬಿಡಿಸಿ, ಸಂಧಿಯನ್ನು ಹೆಸರಿಸಿ: ಗೋಲಾರ್ಧ, ಉತ್ತರಾರ್ಧ, ದ್ರೋಣಾಚಾರ್ಯ, ಕಣ್ಣೆದುರು.

ಉ. ಮಾಡಿ ನೋಡಿ: ಅಳತೆಪಟ್ಟಿಯ ಅಂಕಿಗಳನ್ನು ನೋಡದೆ ಇಪ್ಪತ್ತು ಸೆಂಟಿಮೀಟರಿನ ಗೆರೆಯೊಂದರ ನಡುಬಿಂದುವನ್ನು ಗುರುತಿಸಿ, ಅನಂತರ ಅಳೆಯಿರಿ. ತರಗತಿಯವರೆಲ್ಲರ ಗುರುತುಗಳನ್ನು ಹೋಲಿಸಿ.