ಎರಡನೇ ಡಿಸ್ಕು

ಮಗಾ, ಗಾಂಧಿಪುರದಿಂದ 4 ಟಿಬಿ ಹಾರ್ಡ್ ಡಿಸ್ಕ್ ತರ್ತೀನಿ ಅಂದೆಯಂತೆ. ಮದುಕ್ಕರೈಯಲ್ಲಿ ಬಸ್ಸು ಹತ್ತೋಕೆ ಮುಂಚೆ ಈ ದೊಡ್ಡಪ್ಪನ ಮಾತು ಕೇಳು. ದೊಡ್ಡದು ಒಂದು ಬೇಡ, 2 ಟಿಬಿಯವು ಎರಡು ತಾ. ಸ್ವಲ್ಪ ಹೆಚ್ಚು ಬೀಳುತ್ತೆ, ಬೀಳಲಿ.

ಡಿಸ್ಕು ಅಗ್ಗವಾಗಿರೋದು ನಿಜ. 1980ರಲ್ಲಿ ಸೀಗೇಟಿನವರು ಪುಟ್ಟ ಕಂಪ್ಯೂಟರುಗಳಿಗೆ ಅಂತ ಮಾಡಿದ ಡಿಸ್ಕು ಹಿಡಿಸ್ತಿದ್ದದ್ದು 5 ಎಂಬಿ, ಬೆಲೆ 1500 ಡಾಲರ್. ಈಗ ನಿನ್ನ ಫೋನಿನ ಒಂದು ಫೋಟೊಗೇ ಅಷ್ಟು ಜಾಗ ಬೇಕು. 2007ರಲ್ಲಿ ಹಿಟಾಚಿಯ 1 ಟಿಬಿ ಡಿಸ್ಕು 399 ಡಾಲರಿಗೆ ಬಂತು. ಅದೇ ವರ್ಷ ಆಲ್ಬರ್ಟ್ ಫೆರ್, ಪೀಟರ್ ಗ್ರೂನ್‌ಬರ್ಗ್ ಇಬ್ಬರಿಗೂ ನೊಬೆಲ್ ಸಿಕ್ತು. ಅತಿ ಸಣ್ಣ ಕಾಂತದ ಗುರುತನ್ನೂ ಓದಬಲ್ಲ ಹೆಡ್ಡು ಬಂದದ್ದು ಅವರು ಕಂಡುಹಿಡಿದದ್ದರಿಂದಲೇ. ಹಾಗಂತ ಇನ್ನೂ ಇಳಿಯಲಿ ಅಂತ ಕಾಯಬೇಡ. 2011ರಲ್ಲಿ ಥಾಯ್ಲೆಂಡಿನ ಕಾರ್ಖಾನೆಗಳಿಗೆ ನೆರೆ ನುಗ್ಗಿದಾಗ ಬೆಲೆ ಸರ್ರನೆ ಏರಿತ್ತು.

ಜಾಗ ಹೆಚ್ಚಿದಷ್ಟೂ ಒಂದೇ ಏಟಿಗೆ ಕಳ್ಕೊಳ್ಳೋದೂ ಹೆಚ್ಚು. ತಿರುಗೋ ತಟ್ಟೆಗೂ ಹೆಡ್ಡಿಗೂ ನಡುವೆ ಇರೋದು ಕೆಲವೇ ನ್ಯಾನೊಮೀಟರ್ ಸಂದು. ಓಡ್ತಿರುವಾಗ ಮೇಜಿನಿಂದ ಬಿತ್ತು ಅನ್ನು, ಮುಗೀತು. ವಾರಂಟಿ ಅಂದ್ರೆ ಬೇರೆ ಡಿಸ್ಕು ಕೊಡ್ತಾರೆ, ಅಷ್ಟೇ. ನಿನ್ನ ಅಜ್ಜಿ ನಮ್ಮ ಮನೆಗನ್ನಡದಲ್ಲಿ ಹೇಳಿದ ಕತೆಗಳು, ವಿಜಯದಶಮಿಗೆ ಹುಡುಗರು ಕತ್ತಿಯಿಂದ ಮೈಗೆ ಹೊಡ್ಕೊಂಡು ರಾಜಬೀದಿ ಚೌಡಮ್ಮನ ಗುಡಿಗೆ ಹೋಗೋ ವಿಡಿಯೊ, ಇವನ್ನೆಲ್ಲ ಯಾವ ಕಂಪನಿ ಮಾಡಿಕೊಡುತ್ತೆ? ತಮಿಳು ಬೆರೆತ ಆ ಕನ್ನಡ ಪುಸ್ತಕದಲ್ಲೂ ಸಿಗೋದಿಲ್ಲ.

ಮನೆಗೆ ತಂದಮೇಲೆ 2 ಟಿಬಿ ಅನ್ನೋದು 1.8 ಅಂತ ಕಂಡರೆ ಅಂಗಡಿಯವನ ಮೇಲೆ ರೇಗಬೇಡ. ಕಂಪನಿ ಸಾವಿರದ ಲೆಕ್ಕ ಹಾಕುತ್ತೆ, ನಿನ್ನ ವಿಂಡೋಸ್ 1024ರ ಲೆಕ್ಕ ಹಾಕುತ್ತೆ. ಆದ್ರೆ ಆನ್‌ಲೈನಿನಲ್ಲಿ ಎರಡು ಸಾವಿರ ರೂಪಾಯಿಗೆ 16 ಟಿಬಿ ಅಂದ್ರೆ ಮುಟ್ಟಲೇಬೇಡ. ಒಳಗೆ ಸಣ್ಣ ಮೆಮರಿ ಕಾರ್ಡು ಕೂರಿಸಿ ದೊಡ್ಡ ಲೆಕ್ಕ ತೋರಿಸ್ತಾರೆ. ತುಂಬಿದಮೇಲೂ ಫೈಲಿನ ಹೆಸರು ಕಾಣುತ್ತೆ, ತೆರೆದರೆ ಒಳಗೆ ಏನೂ ಇರೋದಿಲ್ಲ.

ತಂದ ಎರಡು ಡಿಸ್ಕಿಗೂ ಅವೇ ಫೈಲುಗಳನ್ನ ತುಂಬು. ಒಂದು ನಿನ್ನ ಹತ್ರ ಇರಲಿ. ಇನ್ನೊಂದನ್ನ ತಿರುಪ್ಪೂರಿನ ಅತ್ತೆ ಮನೆ ಬೀರುವಿನಲ್ಲಿಡು, ದೀಪಾವಳಿಗೆ ಹೋದಾಗ ಹೊಸ ಫೋಟೊ ಸೇರಿಸು. ಹಳೇವು ನಾಲ್ಕಾರು ತೆರೆದು ನೋಡು, ಅತ್ತೆಗೂ ತೋರಿಸು.